ಎಲೆ ಅಡಿಕೆ ಈಸಿಕೊಂಡ ಮೇಲೆ

ನಮ್ಮ ಊರಿನ ಕಲೆ ಮತ್ತು ಸಂಸ್ಕೃತಿಯ ಭವಿಷ್ಯ ಹೇಗಿರಬೇಕು ಎಂದು ಯೋಜಿಸುವ ಸಮಿತಿಗೆ ನನ್ನನ್ನು ಯಾಕೆ ಸೇರಿಸಿಕೊಂಡರು ಎಂಬ ಬಗ್ಗೆ ನನಗೆ ಯಾವ ಭ್ರಮೆಯೂ ಇಲ್ಲ. ಹೆಂಗಸು ಎಂದು ಒಂದು ಖಾನೆ ಇತ್ತು, ಸೀನಿಯರ್ ಸಿಟಿಜನ್ ಎಂದು ಇನ್ನೊಂದು, ಸ್ಥಳೀಯರು ಎಂದು ಮತ್ತೊಂದು. ಶ್ರೀರಂಗಪಟ್ಟಣದಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತಳಾದ, ಇನ್ನೂ ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲು ಹತ್ತುವ ಮುದುಕಿ ಒಬ್ಬಳು ಬಂದು ಕುಳಿತರೆ ಖಾನೆಗಳೆಲ್ಲ ಒಟ್ಟಿಗೆ ತುಂಬುತ್ತವೆ. ವೆರಿ ಎಕನಾಮಿಕಲ್.

ಮೊದಲ ಸಭೆಯಲ್ಲಿ ನಾನು ಕಾನ್ವೆಂಟಿನಲ್ಲಿ ಕಲಿಸಿದಂತೆ ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತಿದ್ದೆ. ಮೈಸೂರಿನ ಆ ಸಿಸ್ಟರುಗಳು ಹೋಗಿ ಎಷ್ಟೋ ಕಾಲವಾಯಿತು, ಅವರು ಕಲಿಸಿದ್ದರಲ್ಲಿ ನನ್ನ ಬೆನ್ನು ಮಾತ್ರ ಇನ್ನೂ ಹೇಳಿದಂತೆ ಕೇಳುತ್ತದೆ. ಬೆಂಗಳೂರಿನಿಂದ ಕನ್ಸಲ್ಟೆಂಟ್ ಬಂದಿದ್ದ. ಲಿನನ್ ಜುಬ್ಬಾ ತೊಟ್ಟ, ತುಂಬಾ ಮರ್ಯಾದಸ್ಥ ಹುಡುಗ. ಮಾತಿಗೊಮ್ಮೆ ಮ್ಯಾಮ್ ಅನ್ನುತ್ತಿದ್ದ. ಪರದೆಯ ಮೇಲೆ ನಮ್ಮ ಊರನ್ನು ಒಂದೊಂದಾಗಿ ತೋರಿಸಿದ. ಕೋಟೆ, ಹೊಳೆ, ಹೊಳೆಯ ಮೇಲೆ ಇಳಿಬಿಸಿಲು. ಚಿತ್ರದೊಳಗೆ ಯಾರು ಯಾರೋ ಕಾಫಿ ಕುಡಿಯುತ್ತಿದ್ದರು, ಎಲ್ಲಿಂದಲೋ ಕತ್ತರಿಸಿ ಅಂಟಿಸಿದ ಜನ. ನಮ್ಮ ಊರಿನವರಂತೆ ಒಬ್ಬರೂ ಕಾಣಲಿಲ್ಲ. ನನ್ನ ಪಕ್ಕ ಕುಳಿತಿದ್ದ ಸಕ್ಕರೆ ಕಾರ್ಖಾನೆಯ ನಿವೃತ್ತರೊಬ್ಬರು, ಪಾಂಡವಪುರದವರು, ಇವ್ರೆಲ್ಲ ಯಾವಾಗ ಬತ್ತಾರಂತೆ ಎಂದು ಮೆಲ್ಲಗೆ ಕೇಳಿದರು.

ಆಮೇಲೆ ಪರದೆಯ ಮೇಲೆ ಛತ್ರ ಬಂತು. ಹೊಳೆಯ ಕಡೆಯ ಹಳೇ ಛತ್ರ. ಅದರ ಹಜಾರದ ನೆಲಕ್ಕೆ ಗಾಜಿನಂಥ ಕಲ್ಲು ಹಾಸಿದ್ದರು, ಗೋಡೆಗೆ ಹೆಡ್‌ಫೋನುಗಳನ್ನು ನೇತುಹಾಕಿದ್ದರು. ಮುಂದೆ ಇದು ಎಕ್ಸ್‌ಪೀರಿಯೆನ್ಸ್ ಸೆಂಟರ್ ಆಗುತ್ತದೆ ಎಂದ. ಪ್ರವಾಸಿಗಳು ಬಂದು ಬಟನ್ ಒತ್ತಿದರೆ ಸೋಬಾನೆ ಪದ ಕೇಳಿಸುತ್ತದೆ.

ಆ ಹಜಾರದಲ್ಲಿ ಬಟನ್ ಒತ್ತದೆಯೇ, ಪ್ರತಿ ಶುಕ್ರವಾರ ಮಧ್ಯಾಹ್ನ, ಸೋಬಾನೆ ಕೇಳಿಸುತ್ತಿತ್ತು. ಹೇಳುತ್ತಿದ್ದವಳು ನನ್ನ ಓರಗಿತ್ತಿ.

ಅವಳು ನನ್ನ ಗಂಡನ ಅಣ್ಣನ ಹೆಂಡತಿ, ಕಿರಂಗೂರಿನ ಮನೆಯ ಹಿರಿಯ ಸೊಸೆ. ನಾನು ಅಕ್ಕ ಅನ್ನುತ್ತೇನೆ, ಅವಳು ನನ್ನನ್ನು ಕಾನ್ವೆಂಟಮ್ಮಿ ಅನ್ನುತ್ತಾಳೆ. ನಾನು ಮದುವೆಯಾಗಿ ಬಂದ ದಿನ ಹೊಸಿಲಿನಲ್ಲಿ ಅಡ್ಡ ನಿಂತು, ಗಂಡನ ಹೆಸರು ಹೇಳಿ ಒಳಗೆ ಬಾ ಎಂದು ಪದದಲ್ಲಿ ಕೇಳಿದವಳು ಅವಳೇ. ಹೆಸರನ್ನು ಒಗಟಿನಲ್ಲಿ ಸುತ್ತಿ, ನಾಚಿಕೊಂಡು ಹೇಳಬೇಕು ಎನ್ನುವುದು ನನಗೇನು ಗೊತ್ತು. ಇನಿಷಿಯಲ್ ಸಮೇತ ಸ್ಪಷ್ಟವಾಗಿ ಹೇಳಿಬಿಟ್ಟೆ. ಹಾಜರಿ ಕೂಗ್ದಂಗೆ ಕೂಗ್ಬುಟ್ಳಲ್ಲ ಎಂದು ಅವಳು ನಕ್ಕ ನಗು ಇವತ್ತಿಗೂ ಆ ಮನೆಯಲ್ಲಿ ಮುಗಿದಿಲ್ಲ.

ಸೋಬಾನೆ ಒಬ್ಬರು ಹಾಡುವ ಹಾಡಲ್ಲ. ಹೆಂಗಸರು ಎದುರುಬದುರು ಎರಡು ಸಾಲು ಕೂರುತ್ತಾರೆ. ಅಕ್ಕ ಒಂದು ಸಾಲು ಎತ್ತಿಕೊಡುತ್ತಾಳೆ, ಉಳಿದವರು ಅದನ್ನೇ ಹಿಡಿದು ಹೇಳುತ್ತಾರೆ. ಅವರು ಹಿಡಿದು ಹೇಳುವಷ್ಟು ಹೊತ್ತು ಅವಳಿಗೆ ಉಸಿರು. ಮುಂದಿನ ಸಾಲು ಅವಳಿಗೆ ಹೊಳೆಯುವುದೂ ಆ ಹೊತ್ತಿನಲ್ಲೇ. ಒಂದು ಸಲ ಮನೆಯಲ್ಲಿ ಕೂರಿಸಿಕೊಂಡು ಪದಗಳನ್ನು ಬರೆದುಕೊಳ್ಳುತ್ತೇನೆ ಹೇಳು ಎಂದೆ. ಮೂರನೇ ಸಾಲಿಗೆ ನಿಂತುಹೋದಳು. ಹಿಡಿಯೋರಿಲ್ದೆ ಬರಾಕಿಲ್ಲ ಕಣಮ್ಮಿ ಎಂದಳು. ನಾನು ಹಿಡಿಯಲೂ ಇಲ್ಲ. ನನ್ನ ಗಂಟಲು ಚಾಪೆಲ್ಲಿನ ಕ್ವಾಯರ್ ಹಾಡಿಗೆ ಒಗ್ಗಿದ್ದು, ಅವಳ ಪದಕ್ಕೆ ಸೇರಿದರೆ ಹಾಲಿಗೆ ಹುಣಸೇಹಣ್ಣು ಹಿಂಡಿದ ಹಾಗೆ.

ಮದುವೆಗಳು ಕಲ್ಯಾಣ ಮಂಟಪಕ್ಕೆ ಹೋದ ಮೇಲೆ ಸೋಬಾನೆಯವರನ್ನು ಕರೆಯುವವರು ಕಡಿಮೆಯಾದರು. ಕರೆದರೂ ಆರ್ಕೆಸ್ಟ್ರಾದವರು ಮೈಕು ಬಿಡುವುದಿಲ್ಲ, ಫೋಟೋದವನು ಅಜ್ಜಿ ಸ್ವಲ್ಪ ಸೈಡಿಗೆ ಅನ್ನುತ್ತಾನೆ. ಮನೆಯಲ್ಲಿ ಹೇಳೋಣ ಎಂದರೆ ಟಿವಿ. ಹಾಗಾಗಿ ಛತ್ರ. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲಂತೂ ಪಾಂಡವಪುರದಿಂದ, ಕೆ.ಆರ್. ಪೇಟೆ ಕಡೆಯ ಹೊಸಹೊಳಲಿನಿಂದ, ಅಷ್ಟು ದೂರದ ನಾಗಮಂಗಲದಿಂದಲೂ ಬರತೊಡಗಿದರು. ಸೊಸೆಯರ ಮೇಲಿನ ದೂರು, ಒಂದಿಷ್ಟು ಅವರೆಕಾಯಿ, ಆಮೇಲೆ ಪದ. ಒಂದೇ ಪದವನ್ನು ನಾಗಮಂಗಲದವರು ಬೇರೆ ಥರ ಎಳೆಯುತ್ತಾರೆ ಎಂದು ಜಗಳ. ನಾಗಮಂಗಲದ ಹೆಂಗಸು, ಬಸ್ಸು ಫ್ರೀ ಬುಟ್ಟಿರೋದು ನಿನ್ ತಾವ ಬೈಸ್ಕಳಾಕಾ ಎಂದು ಮುನಿಸಿಕೊಂಡವಳು ಮುಂದಿನ ಶುಕ್ರವಾರ ಎಲ್ಲರಿಗಿಂತ ಮೊದಲು ಬಂದು ಕುಳಿತಿರುತ್ತಿದ್ದಳು. ನಾನು ಗೋಡೆಗೆ ಒರಗಿ ಕೇಳುತ್ತಿದ್ದೆ. ಫ್ರಾಂಕ್ಲಿ, ಗಂಡ ಹೋದ ಮೇಲೆ ನನ್ನ ವಾರಕ್ಕೆ ಇದ್ದ ಆಕಾರ ಅದೊಂದೇ.

ಒಂದು ಸಂಗತಿಯನ್ನು ಇಲ್ಲೇ ಹೇಳಿಬಿಡಬೇಕು. ಸೋಬಾನೆಯವರನ್ನು ಮದುವೆಗೆ ಕರೆಯುವುದು ಎಲೆ ಅಡಿಕೆ ಕೊಟ್ಟು. ಮದುವೆ ಮನೆಯವರು ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ ಇಟ್ಟು ಕೊಡುತ್ತಾರೆ, ಇವಳು ಸೆರಗೊಡ್ಡಿ ಈಸಿಕೊಳ್ಳುತ್ತಾಳೆ. ಈಸಿಕೊಂಡರೆ ಮುಗಿಯಿತು, ಮಾತು ಕೊಟ್ಟ ಹಾಗೆ, ಕೊಟ್ಟವರ ಕಾರ್ಯವನ್ನು ಹರಸಬೇಕೇ ಹೊರತು ಅಡ್ಡ ಮಾತಾಡುವಂತಿಲ್ಲ. ಆಮೇಲೆ ಜ್ವರ, ಜಗಳ ಯಾವುದೂ ಲೆಕ್ಕಕ್ಕಿಲ್ಲ. ಒಮ್ಮೆ ನಾಲೆ ನೀರಿನ ವಿಷಯಕ್ಕೆ ನಮ್ಮ ಮನೆಯವರ ಮೇಲೆ ಕೈ ಮಾಡಿದ್ದವರು ಬೇರೆ ಯಾರ ಕೈಯಲ್ಲೋ ಎಲೆ ಅಡಿಕೆ ಕಳಿಸಿದರು. ಯಾರ ಮನೆಯದು ಎಂದು ಕೇಳದೆ ಅಕ್ಕ ಈಸಿಕೊಂಡಳು. ಗೊತ್ತಾದ ಮೇಲೆ ಭಾವನವರು ಕೂಗಾಡಿದರು. ಅವಳು ಆ ಮದುವೆಗೆ ಹೋಗಿ, ಧಾರೆ ಮುಗಿಯುವವರೆಗೂ ಪದ ಹೇಳಿ, ಅವರ ಮನೆಯ ಊಟ ಮಾಡದೆ ಎದ್ದು ಬಂದಳು. ತಿಳಿಯದೆ ಒಪ್ಪಿದ್ದು ಒಪ್ಪಿಗೆಯೇ ಅಲ್ಲ ಅಕ್ಕ, ಎನಿ ಕೋರ್ಟ್ ವಿಲ್ ಟೆಲ್ ಯು, ಎಂದು ನಾನು ಕಾಲೇಜಿನ ದನಿಯಲ್ಲಿ ವಾದಿಸಿದ್ದೆ.

"ಈಸ್ಕಂಡಿದ್ದು ಕೈ ಕಣಮ್ಮಿ," ಎಂದಿದ್ದಳು. "ನಿಂಗೆ ತಿಳ್ದಿತ್ತಾ ಅಂತ ಕೈನ ಕೇಳಾಕಾಯ್ತದಾ?"

ಇದನ್ನೆಲ್ಲ ಸಮಿತಿಯಲ್ಲಿ ಹೇಗೆ ಹೇಳುವುದು. ಪರದೆಯ ಮೇಲಿನ ಹೆಡ್‌ಫೋನುಗಳನ್ನು ನೋಡುತ್ತ, ಹಾಗಾದರೆ ಶುಕ್ರವಾರಗಳು ಎಂದು ಕೇಳಿದೆ. ಪ್ರೋಗ್ರಾಮಿಂಗ್ ವಿಲ್ ಬಿ ಕ್ಯುರೇಟೆಡ್, ಮ್ಯಾಮ್ ಎಂದ ಕನ್ಸಲ್ಟೆಂಟ್. ಜೀವಮಾನವಿಡೀ ಇಂಗ್ಲಿಷ್ ಪಾಠ ಹೇಳಿದವಳಿಗೆ ಒಂದು ಇಂಗ್ಲಿಷ್ ವಾಕ್ಯ ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು. ಶುಕ್ರವಾರ ಇರುವುದಿಲ್ಲ ಎಂದು ಅದರ ಅರ್ಥ. ಅಧ್ಯಕ್ಷರು ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಸಾರ್ವಜನಿಕ ಸಮಾಲೋಚನೆ ಇಟ್ಟಿದ್ದೇವೆ ಮೇಡಂ, ಕಲಾವಿದರನ್ನೇ ಕರೆತನ್ನಿ, ಅವರ ಬಾಯಲ್ಲೇ ಕೇಳೋಣ ಎಂದರು. ಎಷ್ಟು ಫೇರ್ ಅನ್ನಿಸಿತು ಆಗ.

ನಾನು ಕಿರಂಗೂರಿಗೆ ಹೋಗಿ ಅಕ್ಕನನ್ನು ತಯಾರು ಮಾಡಿದೆ. ಅವಳಿಗೆ ತಯಾರಿ ಬೇಕಿರಲಿಲ್ಲ. ಎಮ್ಮೆಗೆ ಹುಲ್ಲು ಹಾಕುತ್ತ ಹಾಕುತ್ತಲೇ ಹೇಳಬೇಕಾದ್ದನ್ನು ಹೇಳಿ ತೋರಿಸಿದಳು. "ನಿಮ್ ಪ್ಲಾನು ಏನೈತೋ ಮಾಡ್ಕಳಿ ಸ್ವಾಮಿ, ನಾವು ಬ್ಯಾಡ ಅನ್ನಾಕಿಲ್ಲ. ಸುಕ್ರವಾರ ಮದ್ಯಾನ ಮಾತ್ರ ಬಾಗ್ಲು ತೆಗ್ದಿರ್ಲಿ."

ಅಷ್ಟೇ. ಇಡೀ ವಿಷನ್ ಡಾಕ್ಯುಮೆಂಟಿನಿಂದ ಅವಳು ಕೇಳಿದ್ದು ಒಂದು ಬಾಗಿಲು, ಒಂದು ಮಧ್ಯಾಹ್ನ. ನಾನು ಇನ್ನಷ್ಟು ಸೇರಿಸು, ಹೆರಿಟೇಜ್ ಅನ್ನು, ಮುಂದಿನ ಪೀಳಿಗೆ ಅನ್ನು ಎಂದೆ. ಅವೆಲ್ಲ ನೀನೇ ಹೇಳ್ಕೋ, ನಿಂಗೆ ಸಂಬ್ಳ ಬತ್ತಿತ್ತಲ್ಲ ಮಾತಾಡಾಕೆ ಎಂದಳು.

ಸಮಾಲೋಚನೆಯ ದಿನ ಎಲ್ಲ ಕಡೆಯ ಹೆಂಗಸರೂ ಬಸ್ಸು ಹತ್ತಿ ಬಂದರು. ಒಳ್ಳೆಯ ಸೀರೆ, ಹೂವು. ಹಿಂದಿನ ಸಾಲಿನಲ್ಲಿ ಒತ್ತಾಗಿ ಕುಳಿತರು. ಅಕ್ಕನನ್ನು ಮಾತ್ರ ವೇದಿಕೆಗೆ ಕರೆದರು. ಎಲೊಕ್ಯೂಷನ್ ಸ್ಪರ್ಧೆಗೆ ನನ್ನ ವಿದ್ಯಾರ್ಥಿಯನ್ನು ಕಳಿಸಿದ ಹಾಗೆ, ಅವಳ ಮಾತನ್ನು ನಾನು ಮನಸ್ಸಿನಲ್ಲೇ ಒಪ್ಪಿಸಿಕೊಳ್ಳುತ್ತಿದ್ದೆ.

ನಮ್ಮಲ್ಲಿ ಯಾವ ಸಭೆಯೂ ಸನ್ಮಾನವಿಲ್ಲದೆ ಶುರುವಾಗುವುದಿಲ್ಲ. ಅದು ಯಾರ ಕುತಂತ್ರವೂ ಅಲ್ಲ, ಚಟ. ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿದರು. ಶಾಲು ಹೊದಿಸಿದರು, ಗಂಧದ ಹಾರ ಹಾಕಿದರು. ನಿರೂಪಕಿ ಅವಳನ್ನು ಜಾನಪದ ಸಿರಿ ಅಂದಳು, ಕಾವೇರಿ ಸೀಮೆಯ ಕೋಗಿಲೆ ಅಂದಳು. ಹಣ್ಣಿನ ತಟ್ಟೆಯನ್ನು ಕನ್ಸಲ್ಟೆಂಟ್ ತನ್ನ ಕೈಯಾರೆ ತಂದ. ಸೇಬು, ಕಿತ್ತಳೆ, ಕಾಯಿ. ಎಲ್ಲದರ ಕೆಳಗೆ, ಅಂಗಡಿಯವರು ಚೆಂದಕ್ಕೆ ಹರವಿ ಇಟ್ಟಿದ್ದ ವೀಳ್ಯದೆಲೆ, ಬಟ್ಟಲಡಿಕೆ.

ಅಕ್ಕ ತಟ್ಟೆ ನೋಡಿದಳು. ನಾನು ಮುಂದಿನ ಸಾಲಿನಲ್ಲಿದ್ದೆ, ಅವಳ ಕಣ್ಣು ಎಲೆಯ ಮೇಲೆ ನಿಂತದ್ದು ನನಗೆ ಕಾಣಿಸಿತು. ಬೇಡ ಅನ್ನುವ ಹಾಗಿಲ್ಲ, ಕೊಟ್ಟ ಎಲೆಯನ್ನು ತಿರುಗಿಸಿದರೆ ಕೊಟ್ಟವರಿಗೆ ಅವಮಾನ. ಹುಡುಗ ತಟ್ಟೆ ಚಾಚಿಕೊಂಡು ಫೋಟೋಕ್ಕೆ ನಗುತ್ತ ನಿಂತಿದ್ದ. ಅವಳು ಎದ್ದು, ಶಾಲನ್ನು ಸರಿಸಿ, ಸೆರಗು ಒಡ್ಡಿ ಈಸಿಕೊಂಡಳು. ಚಪ್ಪಾಳೆ.

ಈಗ ಅಮ್ಮನವರು ಯೋಜನೆಯ ಬಗ್ಗೆ ಎರಡು ಮಾತಾಡುತ್ತಾರೆ ಎಂದರು. ಅಕ್ಕ ಮೈಕಿನ ಮುಂದೆ ನಿಂತಳು. ಹಿಂದಿನ ಸಾಲಿನ ಕಡೆ ನೋಡಲಿಲ್ಲ.

"ನೀವು ಹಿಡ್ದಿರೋ ಕೆಲ್ಸ ಚೆಂದಾಗಿ ಆಗ್ಲಿ," ಎಂದಳು. ಬಂದು ಕುಳಿತಳು.

ಮತ್ತೆ ಚಪ್ಪಾಳೆ. ಈ ಸಲ ಇನ್ನೂ ಜೋರು. ನಾನು ಎದ್ದು ಶುಕ್ರವಾರದ ವಿಷಯ ಎತ್ತಿದೆ. ಅಧ್ಯಕ್ಷರು ಕರುಣೆಯಿಂದ ನಕ್ಕು, ಮೇಡಂ, ಅವರೇ ಬಾಯಿ ತುಂಬ ಹರಸಿದ ಮೇಲೆ ನಮ್ಮ ನಿಮ್ಮದೇನಿದೆ ಎಂದರು. ವಿಡಿಯೋದಲ್ಲೂ ಇದೆ ಎಂದರು. ನಾಗಮಂಗಲದ ಹೆಂಗಸು ಏನೋ ಗೊಣಗುತ್ತ ಎದ್ದು ಹೊರಗೆ ಹೋದಳು.

ಕಿರಂಗೂರಿಗೆ ಆಟೋದಲ್ಲಿ ವಾಪಸು ಬರುವಾಗ ನಾನು ಸುಮ್ಮನಿರಲಿಲ್ಲ. ಇಷ್ಟು ವರ್ಷದ ಓರಗಿತ್ತಿತನದಲ್ಲಿ ಅವಳ ಮೇಲೆ ಅಷ್ಟು ರೇಗಿದ್ದು ಅದೇ ಮೊದಲು. ಆ ಹುಡುಗನಿಗೆ ಎಲೆ ಅಡಿಕೆ ಎಂದರೆ ಏನು ಎಂದೇ ಗೊತ್ತಿಲ್ಲ, ಅದು ಅಂಗಡಿಯ ಡೆಕೊರೇಷನ್, ಸನ್ಮಾನದ ಸೆಟ್ಟಿನಲ್ಲಿ ಬರುತ್ತದೆ, ಇಟ್ ಮೀನ್ಸ್ ನಥಿಂಗ್ ಎಂದೆ. ಅವಳು ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹೊರಗೆ ಕಬ್ಬಿನ ಗದ್ದೆ ನೋಡುತ್ತಿದ್ದಳು.

"ಅವ್ನಿಗೆ ಗೊತ್ತಿಲ್ದಿದ್ರೆ ಅವ್ನ ಪಾಡು," ಎಂದಳು. "ನಂಗೆ ಗೊತ್ತಲ್ಲ."

ಹಾಗಾದರೆ ನಾನು ಮಾತಾಡುತ್ತೇನೆ, ನಾನೇನೂ ಈಸಿಕೊಂಡಿಲ್ಲ, ಮುಂದಿನ ಮೀಟಿಂಗಿನಲ್ಲಿ ಎದ್ದು ನಿಂತು ವಿರೋಧಿಸುತ್ತೇನೆ ಎಂದೆ. ಅದಕ್ಕೆ ಅವಳು ನನ್ನ ಕಡೆ ತಿರುಗಿದಳು. "ಹಿರೇ ಸೊಸೆ ಎಲಡ್ಕೆ ಈಸ್ಕಂಡ್ರೆ ಇಡೀ ಮನೆ ಈಸ್ಕಂಡಂಗೆ ಕಣಮ್ಮಿ. ನೀನು ಬಾಯ್ ಬುಟ್ರೆ ನನ್ ಮಾತು ಹೋಯ್ತದೆ. ಸುಮ್ಕಿರು."

ಸುಮ್ಮನಿದ್ದೆ. ಮಾರಲ್ ಸೈನ್ಸ್ ಕ್ಲಾಸಿನಲ್ಲಿ ಕೊಟ್ಟ ಮಾತಿಗೆ ತಪ್ಪಬಾರದು ಎಂದು ಪ್ರಬಂಧ ಬರೆದು ನಾನು ಬಹುಮಾನ ತೆಗೆದುಕೊಂಡಿದ್ದೆ. ಮಾತು ಉಳಿಸಿಕೊಳ್ಳುವುದು ಇಷ್ಟು ಅಸಹ್ಯವಾಗಿ ಕಾಣಬಹುದು ಎಂದು ಯಾವ ಸಿಸ್ಟರೂ ಹೇಳಿರಲಿಲ್ಲ. ನಮ್ಮ ಸಂಸ್ಕೃತಿಯನ್ನು ಉಳಿಸಲು ಬಂದವರು ಅದನ್ನು ಮುಗಿಸಿದ್ದು ಬೇರೆ ಯಾವ ಆಯುಧದಿಂದಲೂ ಅಲ್ಲ, ನಮ್ಮದೇ ಒಂದು ಎಲೆಯಿಂದ. ಅದೂ ಗೊತ್ತಿಲ್ಲದೆ. ಗೊತ್ತಿದ್ದು ಮಾಡಿದ್ದರೆ ಕನಿಷ್ಠ ಜಾಣರು ಎಂದಾದರೂ ಅನ್ನಬಹುದಿತ್ತು.

ಛತ್ರಕ್ಕೆ ಬೀಗ ಬಿತ್ತು. ಕೆಲಸ ಶುರುವಾಯಿತು. ಒಂದು ದಿನ ರೆಕಾರ್ಡಿಂಗಿಗೆ ಅಕ್ಕನನ್ನು ಕರೆದರು. ಅವಳೊಬ್ಬಳನ್ನೇ. ಒಟ್ಟಿಗೆ ಹೇಳಿದರೆ ಕ್ಲೀನ್ ಆಗಿ ಬರುವುದಿಲ್ಲವಂತೆ. ಜೊತೆಗೆ ನಾನು ಹೋದೆ. ಛತ್ರದ ಪಕ್ಕದ ಕೋಣೆಯ ಗೋಡೆಗೆಲ್ಲ ಸ್ಪಂಜು ಅಂಟಿಸಿ, ನಡುವೆ ಒಂದು ಎತ್ತರದ ಸ್ಟೂಲು ಇಟ್ಟಿದ್ದರು. ನೆಲದ ಮೇಲೆ ಕೂರುತ್ತೇನೆ ಎಂದಳು, ಮೈಕು ಅಷ್ಟು ಕೆಳಗೆ ಬರುವುದಿಲ್ಲ ಎಂದರು. ಸ್ಟೂಲಿನ ಮೇಲೆ ಕಾಲು ನೇತಾಡಿಸಿಕೊಂಡು ಕುಳಿತಳು.

ಒಂದು ಸಾಲು ಎತ್ತಿದಳು. ನಿಲ್ಲಿಸಿ, ಎಡಕ್ಕೆ ನೋಡಿದಳು. ಪಾಂಡವಪುರದವರು ಕೂರುತ್ತಿದ್ದುದು ಆ ಕಡೆ. ರೆಕಾರ್ಡಿಂಗಿನವನು ಮುಂದೆ ಹೇಳಿ ಎಂದು ಕೈಸನ್ನೆ ಮಾಡಿದ.

"ಹಿಡಿಯೋರು ಇಲ್ವಲ್ಲ ಮಗಾ," ಎಂದಳು.

ಆಮೇಲೆ ಆಡ್ ಮಾಡ್ತೀವಿ ಅಜ್ಜಿ ಎಂದ. ಅವಳು ಇಡೀ ಪದ ಹೇಳಿದಳು. ಪ್ರತಿ ಸಾಲಿಗೂ ನಿಂತು, ಇಲ್ಲದವರು ಹಿಡಿದು ಹೇಳುವಷ್ಟು ಹೊತ್ತು ಕಾದು, ತುಟಿಯಲ್ಲೇ ಅವರದನ್ನು ಹೇಳಿಕೊಂಡು, ಮುಂದಿನದು ಎತ್ತಿದಳು. ನಾನು ಬಾಗಿಲ ಬಳಿ ನಿಂತಿದ್ದೆ. ಒಳಗೆ ಹೋಗಿ ಹುಣಸೇಹಣ್ಣಿನ ದನಿಯಲ್ಲಾದರೂ ಸರಿ, ಹಿಡಿಯೋಣ ಅನ್ನಿಸಿತು. ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿತ್ತು.

ಉದ್ಘಾಟನೆಗೆ ಅಕ್ಕ ಬರಲಿಲ್ಲ, ಎಮ್ಮೆ ಕರು ಹಾಕುವ ಹೊತ್ತು ಎಂದಳು. ನಾನು ಹೋಗಿ ಹೆಡ್‌ಫೋನ್ ಕಿವಿಗೆ ಇಟ್ಟುಕೊಂಡೆ. ಅವಳ ದನಿಯೇ. ಆದರೆ ಅವಳು ಕಾದಿದ್ದ ಹೊತ್ತನ್ನೆಲ್ಲ ಕತ್ತರಿಸಿ ತೆಗೆದಿದ್ದರು. ಸಾಲಿನ ಬೆನ್ನಿಗೆ ಸಾಲು, ಉಸಿರು ತೆಗೆದುಕೊಳ್ಳಲೂ ಬಿಡದೆ, ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಓಡುತ್ತಿದ್ದಳು. ಪಕ್ಕದಲ್ಲಿ ಒಂದು ಹುಡುಗಿ ಅದನ್ನೇ ಕೇಳಿ ತನ್ನ ಗೆಳೆಯನಿಗೆ ಸೋ ಎನರ್ಜೆಟಿಕ್ ಎಂದಳು.

ಸಮಿತಿಯವರಿಗೂ ಸನ್ಮಾನವಿತ್ತು. ಅದೇ ಶಾಲು, ಅದೇ ತಟ್ಟೆ. ತಟ್ಟೆ ನನ್ನ ಕೈಗೆ ಬರುವ ಮೊದಲು ನಾನು ಹಣ್ಣುಗಳನ್ನು ಸರಿಸಿ ಎಲೆ ಅಡಿಕೆಯನ್ನು ಹೊರಗೆ ತೆಗೆದೆ. ಸುತ್ತ ಇದ್ದವರು ಮೇಡಂಗೆ ತಾಂಬೂಲದ ಚಪಲ ಎಂದು ನಕ್ಕರು. ನಾನು ಅದನ್ನು ಕೈಯಲ್ಲಿ ಹಿಡಿದು ನೇರ ಕನ್ಸಲ್ಟೆಂಟಿನ ಮುಂದೆ ಹೋಗಿ ನಿಂತೆ. ಅವನಿಗೆ ಅರ್ಥವಾಗಲೆಂದು ಇಂಗ್ಲಿಷಿನಲ್ಲೇ ಹೇಳಿದೆ. ಈ ಸೀಮೆಯಲ್ಲಿ ಇದನ್ನು ನನ್ನ ಕೈಯಿಂದ ಈಸಿಕೊಂಡರೆ ನೀನು ನನಗೆ ಮಾತು ಕೊಟ್ಟ ಹಾಗೆ. ನಾನು ಕೇಳುವುದು ಶುಕ್ರವಾರ ಮಧ್ಯಾಹ್ನ ಈ ಹಜಾರ, ನನ್ನ ಓರಗಿತ್ತಿಗೆ, ಅವಳ ಜೊತೆಯವರಿಗೆ.

ಅವನ ಮುಖ ನಿಜವಾಗಿಯೂ ಅರಳಿತು. "ಬ್ಯೂಟಿಫುಲ್, ಮ್ಯಾಮ್. ಇದನ್ನೇ ಒಂದು ಪ್ಯಾನೆಲ್ ಮಾಡಬೇಕಿತ್ತು ನಾವು." ಆಮೇಲೆ, "ಆಫ್ ಕೋರ್ಸ್, ಶುಕ್ರವಾರ, ಡೆಫಿನಿಟ್ಲಿ," ಎಂದು ಎಲೆಯನ್ನು ಈಸಿಕೊಂಡ. ಬಲಗೈಯಲ್ಲಿ ಫೋನಿತ್ತು, ಹಾಗಾಗಿ ಎಡಗೈಯಲ್ಲಿ. ಯಾರನ್ನೋ ಕರೆದು ಒಂದು ಫೋಟೋ ತೆಗೆಸಿಕೊಂಡ.

ನಾನು ಅಲ್ಲಿಂದ ಸೀದಾ ಕಿರಂಗೂರಿಗೆ ಹೋದೆ. ಕೊಟ್ಟಿಗೆಯಲ್ಲಿ ಆಗಷ್ಟೇ ಕರು ಹುಟ್ಟಿತ್ತು, ಅಕ್ಕ ಅದರ ಮೈ ಒರೆಸುತ್ತಿದ್ದಳು. ನಡೆದದ್ದನ್ನು ಹೇಳಿದೆ. ಅವಳು ಕೈ ನಿಲ್ಲಿಸಿ, ನನ್ನ ಮುಖವನ್ನೇ ನೋಡಿ, ಒಂದೇ ಪ್ರಶ್ನೆ ಕೇಳಿದಳು.

"ಯಾವ ಕೈಲಿ ಈಸ್ಕಂಡ?"

"ಎರಡೂ ಕೈಯಲ್ಲಿ," ಎಂದೆ.

"ಅಂಗಾದ್ರೆ ಸರಿ ಬುಡು. ಕರೀತಾನೆ."

ಅವತ್ತೇ ಪಾಂಡವಪುರಕ್ಕೆ, ಹೊಸಹೊಳಲಿಗೆ ಫೋನು ಮಾಡಿಸಿದಳು. ಮುನಿಸಿಕೊಂಡಿದ್ದ ನಾಗಮಂಗಲದವಳ ಜೊತೆ ತಾನೇ ಮಾತಾಡಿದಳು. ಹುಡ್ಗ ಎಲಡ್ಕೆ ಈಸ್ಕಂಡವ್ನೆ, ಇವತ್ತಲ್ಲ ನಾಳೆ ಕರೀತಾನೆ, ಸೀರೆ ಒಗ್ದು ಮಡ್ಗಿರು ಎಂದಳು. ಆ ಕಡೆಯಿಂದ ಬಂದ ಬೈಗುಳ ನನಗೂ ಕೇಳಿಸಿತು, ಅದರ ಹಿಂದೆಯೇ ನಗುವೂ.

ನಾನು ಅವನಿಗೆ ಮೆಸೇಜು ಕಳಿಸಿದೆ. ನಗುಮುಖದ ಒಂದು ಚಿತ್ರ ವಾಪಸು ಬಂತು, ಟೀಮಿನ ಜೊತೆ ಮಾತಾಡುತ್ತೇನೆ ಎಂದಿತ್ತು. ಮತ್ತೆ ಕಳಿಸಿದೆ, ಉತ್ತರವಿಲ್ಲ. ಅವನು ಈಗ ಬೇರೆ ಊರಿನ ಸಂಸ್ಕೃತಿಯ ಭವಿಷ್ಯ ಯೋಜಿಸುತ್ತಿದ್ದಾನೆ ಎಂದು ಕೇಳಿದೆ. ಶುಕ್ರವಾರ ಮಧ್ಯಾಹ್ನ ಆ ಹಜಾರದಲ್ಲಿ ಮಣ್ಣಿನ ಕಾಫಿ ಕಪ್ಪು ಮಾಡುವುದನ್ನು ಕಲಿಸುತ್ತಾರೆ. ಹೊರಗಿನ ಗೋಡೆಯ ಮೇಲೆ ಅಕ್ಕನ ದೊಡ್ಡ ಫೋಟೋ ಇದೆ, ಸೆರಗೊಡ್ಡಿ ತಟ್ಟೆ ಈಸಿಕೊಳ್ಳುತ್ತಿರುವುದು. ಅವನು ನಗುತ್ತಿದ್ದಾನೆ, ಅವಳು ತಟ್ಟೆ ನೋಡುತ್ತಿದ್ದಾಳೆ.

ಅಕ್ಕನಿಗೆ ಇದ್ಯಾವುದನ್ನೂ ನಾನು ಹೇಳಿಲ್ಲ. ಶುಕ್ರವಾರ ಬಂದರೆ ಅವಳು ಅಡುಗೆಯನ್ನು ಬೇಗ ಮುಗಿಸಿ, ಹಸಿರು ಸೀರೆ ಉಟ್ಟು, ಜಗಲಿಯ ಮೇಲೆ ಕುಳಿತಿರುತ್ತಾಳೆ. ನಾನೂ ಹೋಗಿ ಪಕ್ಕ ಕೂರುತ್ತೇನೆ, ಬೇರೆ ಎಲ್ಲಿಗೆ ಹೋಗಲಿ. ಬಿಸಿಲು ಅಂಗಳ ದಾಟಿ ಎದುರು ಮನೆಯ ಗೋಡೆ ಹತ್ತುವವರೆಗೂ ಅವಳು ಏನೂ ಕೇಳುವುದಿಲ್ಲ. ಆಮೇಲೆ ನನ್ನ ಮೊಬೈಲಿನ ಕಡೆ ಗದ್ದ ತೋರಿಸುತ್ತಾಳೆ.

"ಏನಾರ ಬಂತಾ?"

"ಇನ್ನೂ ಇಲ್ಲ ಅಕ್ಕ."

"ಬತ್ತದೆ ಬುಡು," ಎಂದು ಹಾಲು ಕರೆಯಲು ಏಳುತ್ತಾಳೆ. "ಎರಡೂ ಕೈಲಿ ಈಸ್ಕಂಡವ್ನಲ್ಲ."